ಹೇಳದೆ ಬಿಟ್ಟ ನಿಲುಗಡೆ

ನಾನು ಕನ್ನಡಕದ ಅಂಗಡಿ ಇಟ್ಟು ಹದಿನಾರು ವರ್ಷವಾದ ಮೇಲೆ ನಮಗೊಂದು ದೊಡ್ಡ ಗಾಡಿ ಬೇಕೆನ್ನಿಸಿತು. ಅಂಗಡಿಗೆ ಬರುವವರಿಗಿಂತ ಬರಲಾಗದವರೇ ಹೆಚ್ಚು ಎಂದು ತಿಳಿಯಲು ನನಗೆ ಬಹಳ ವರ್ಷ ಹಿಡಿದಿತ್ತು. ಊರಿನ ಉತ್ತರಕ್ಕೆ ಗುಡ್ಡದ ಮೇಲೆ ಏಳು ಹಳ್ಳಿಗಳಿವೆ. ಅಲ್ಲಿಯ ಹೆಂಗಸರು ಸೂಜಿಗೆ ದಾರ ಪೋಣಿಸಲಾಗದೆ ಮಕ್ಕಳನ್ನು ಕೂಗಿ ಕರೆಯುತ್ತಾರೆ. ಗಂಡಸರು ಬಸ್ಸಿನ ಬೋರ್ಡು ಓದಲಾಗದೆ ಪಕ್ಕದಲ್ಲಿ ನಿಂತವರನ್ನು ಕೇಳುತ್ತಾರೆ. ನಲವತ್ತು ದಾಟಿದ ಮೇಲೆ ಲೋಕ ಮಸುಕಾಗುವುದೇ ಸರಿಯೆಂದು ಎಲ್ಲರೂ ಸುಮ್ಮನಿರುತ್ತಾರೆ. ನಾನು ಮಸೂರದ ಪೆಟ್ಟಿಗೆಯನ್ನು ಸ್ಕೂಟರಿನ ಮುಂದೆ ಇಟ್ಟುಕೊಂಡು ಎರಡು ವರ್ಷ ಹತ್ತಿ ಇಳಿದೆ. ಎರಡು ಸಲ ಬಿದ್ದೆ. ಎರಡನೆಯ ಸಲ ಪೆಟ್ಟಿಗೆ ಬಾಯ್ತೆರೆದು ಮಸೂರಗಳೆಲ್ಲ ಇಳಿಜಾರಿನಲ್ಲಿ ಉರುಳಿದವು. ದನ ಕಾಯುವವರೂ ನಾನೂ ಸೇರಿ ಸಂಜೆಯವರೆಗೆ ಹುಡುಕಿದರೂ ನಲವತ್ತೊಂದು ಸಿಗಲೇ ಇಲ್ಲ.

ನನ್ನ ಗಂಡ ಅಡಿವೆಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ. ಅವತ್ತು ನನ್ನ ಮೊಣಕಾಲಿನ ಗಾಯ ತೊಳೆದು ಪಟ್ಟಿ ಕಟ್ಟಿದರು. ಆಮೇಲೆ, "ಲೀಲಾ, ಸ್ಕೂಟರ್ ಸಾಕಿನ್ನ. ಒಂದ್ ಎಸ್‌ಯುವಿ ನೋಡೂಣು. ಹಳೇದಾದ್ರೂ ಅಡ್ಡಿಯಿಲ್ಲ," ಅಂದರು.

ನಮ್ಮೂರಲ್ಲಿ ಹಳೆಯ ಗಾಡಿ ಕೊಳ್ಳುವುದು ಸುಲಭದ ಕೆಲಸವಲ್ಲ. ಇಲ್ಲಿ ಗಾಡಿಗಳು ತಾವು ಮೇಲಿಂದ ಮೇಲೆ ನಿಂತ ಜಾಗ ಬಂದರೆ ತಾವಾಗಿ ನಿಲ್ಲುತ್ತವೆ. ಯಜಮಾನ ಬದಲಾದರೂ ನಿಲ್ಲುತ್ತವೆ. ಮೊದಲಿನವನು ಎಷ್ಟು ಹೊತ್ತು ನಿಲ್ಲಿಸುತ್ತಿದ್ದನೋ ಅಷ್ಟು ಹೊತ್ತು ನಿಂತು, ಯಾರೂ ಕೀಲಿ ತಿರುವದೆ ಮತ್ತೆ ಚಾಲೂ ಆಗುತ್ತವೆ. ಇದಕ್ಕೆ ನಮ್ಮಲ್ಲಿ ನಿಲುಗಡೆ ಎನ್ನುತ್ತಾರೆ. ಐದು ಹತ್ತು ಸಲ ನಿಂತರೆ ನಿಲುಗಡೆಯಾಗುವುದಿಲ್ಲ. ಒಂದೇ ಜಾಗದಲ್ಲಿ ಕಡಿಮೆಯೆಂದರೂ ಇನ್ನೂರು ಸಲ ನಿಂತಿರಬೇಕು ಎಂದು ಮೆಕ್ಯಾನಿಕ್‌ಗಳು ಹೇಳುತ್ತಾರೆ. ನಮ್ಮ ಆಸ್ಪತ್ರೆಯವರು ಹಳೆಯ ಅಂಬ್ಯುಲೆನ್ಸ್ ಕೊಳ್ಳುವುದಿಲ್ಲ. ಪೊಲೀಸರು ನಡುರಸ್ತೆಯಲ್ಲಿ ನಿಂತ ಗಾಡಿಗೆ ದಂಡ ಹಾಕುವ ಮುಂಚೆ ಎಷ್ಟು ನಿಮಿಷದ್ದು ಎಂದು ಕೇಳುತ್ತಾರೆ. ನಮ್ಮ ಓಣಿಯ ದಂತವೈದ್ಯರು ಕೊಂಡ ಕಾರು ದಿನಾ ಒಂದು ಮಿರ್ಚಿ ಅಂಗಡಿಯ ಮುಂದೆ ಕಾಲು ಗಂಟೆ ನಿಲ್ಲುತ್ತಿತ್ತು. ವರ್ಷದೊಳಗೆ ಅವರು ಎಂಟು ಕಿಲೋ ದಪ್ಪಗಾದರು. ಒಬ್ಬ ಮದುಮಗನ ಕಾರು ಬೀಗರನ್ನು ಕೂರಿಸಿಕೊಂಡು ಹೋಗುವಾಗ ಸಾರಾಯಿ ಅಂಗಡಿಯ ಮುಂದೆ ನಿಂತು ಮದುವೆಯೇ ಮುರಿಯುವ ಹಾಗಾಗಿತ್ತು. ಅವನು ಅದನ್ನು ಹೋದ ತಿಂಗಳಷ್ಟೇ ಕೊಂಡದ್ದೆಂದು ಕಾಗದ ತೋರಿಸಿ ಪಾರಾದ.

ನಿಲುಗಡೆಯನ್ನು ಮರೆಸಲು ಬರುತ್ತದೆ. ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ ನಾಲ್ಕು ಮಂದಿ ಹಿಂದಿನಿಂದ ನೂಕಿ ಆ ಜಾಗ ದಾಟಿಸಬೇಕು. ಹಾಗೆ ಎರಡು ತಿಂಗಳು, ಒಂದು ದಿನವೂ ತಪ್ಪಬಾರದು. ಅಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಆದ್ದರಿಂದ ಮಾರುವವರು ಎಲ್ಲ ನಿಲುಗಡೆಗಳನ್ನೂ ನಿಮಿಷಗಳ ಸಮೇತ ಕಾಗದದ ಮೇಲೆ ಬರೆದುಕೊಡಬೇಕು. ಒಂದನ್ನು ಮುಚ್ಚಿಟ್ಟದ್ದು ಗೊತ್ತಾದರೂ ನಲವತ್ತು ಸಾವಿರ ಹಿಂದಕ್ಕೆ ಕೊಡಬೇಕು.

ಅಡಿವೆಪ್ಪನವರು ಇನ್ನೂರು ಪುಟದ ನೋಟುಬುಕ್ಕೊಂದನ್ನು ಇದಕ್ಕೇ ಇಟ್ಟರು. ಗಾಡಿಯ ವಯಸ್ಸು, ಓಡಿದ ಕಿಲೋಮೀಟರು, ಬೆಲೆ, ನಿಲುಗಡೆ. ಅವರ ಲೆಕ್ಕದಲ್ಲಿ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡಿದ್ದು ಸರಿಯಾಗಿ ಬಾಳಿದ ಗಾಡಿ. ಬಹಳ ಕಡಿಮೆ ಓಡಿದ್ದರೆ ಯಾಕೆ ಎಂದು ಕೇಳಬೇಕು. ಬಹಳ ಹೆಚ್ಚು ಓಡಿದ್ದರೆ ಓಡಿಸಿದವರು ಯಾರು ಎಂದು ಕೇಳಬೇಕು.

ಹಳೆಯ ಗಾಡಿ ಮಾರುವ ದಸ್ತಗೀರ ಮುಚ್ಚಿಹೋದ ಹತ್ತಿ ಗಿರಣಿಯ ಅಂಗಳವನ್ನು ಬಾಡಿಗೆಗೆ ಹಿಡಿದಿದ್ದ. ಮೊದಲು ತೋರಿಸಿದ ಗಾಡಿಗೆ ಮೂರೇ ವರ್ಷ. ಇಪ್ಪತ್ತೆಂಟು ಸಾವಿರ ಓಡಿತ್ತು, ಒಂದೂ ನಿಲುಗಡೆ ಇರಲಿಲ್ಲ. ಒಳಗೆ ಇನ್ನೂ ಹೊಸ ಸೀಟಿನ ವಾಸನೆ ಇತ್ತು. ಒಂಬತ್ತೂವರೆ ಲಕ್ಷ ಎಂದ ಕೂಡಲೇ ನಾನು ಬಾಗಿಲು ಮೆಲ್ಲಗೆ ಮುಚ್ಚಿದೆ.

ಎರಡನೆಯದಕ್ಕೆ ಎಂಟು ವರ್ಷ. ಮೀಟರಿನಲ್ಲಿ ಬರೀ ಮೂವತ್ತೊಂದು ಸಾವಿರ. ಬೆಲೆ ಆರು ಲಕ್ಷ ಇಪ್ಪತ್ತು. ನನಗೆ ಅದರ ಬಣ್ಣ ಹಿಡಿಸಿತು, ಮಳೆಮೋಡದಂಥ ಬೂದು ಬಣ್ಣ. ಅಡಿವೆಪ್ಪನವರು ಮಾತ್ರ ಕೆಳಗೆ ಬಗ್ಗಿ ಬ್ರೇಕ್ ಪೆಡಲ್ಲಿನ ರಬ್ಬರನ್ನು ಬೆರಳಿಂದ ಸವರಿದರು. ಅದು ಸವೆದು ನುಣ್ಣಗಾಗಿತ್ತು. ಊರಿನ ಸುತ್ತ ಒಂದು ಸುತ್ತು ಹೋಗಿಬರೋಣ ಅಂದರು. ಹೋದೆವು. ಗಾಡಿ ಮಾರುಕಟ್ಟೆಯ ಮುಂದೆ ನಿಂತಿತು, ಎರಡು ಲಾಡ್ಜುಗಳ ಮುಂದೆ ನಿಂತಿತು, ಬಸ್ ನಿಲ್ದಾಣದ ನಾಲ್ಕೂ ಬಾಗಿಲಿಗೆ ನಿಂತಿತು. ಗಿರಣಿಗೆ ಮರಳುವಷ್ಟರಲ್ಲಿ ಹನ್ನೊಂದು ಸಲ ನಿಂತಿತ್ತು.

"ಬಾಡಿಗಿ ಓಡಿಸಿದ ಗಾಡಿ ಇದು. ಮೂವತ್ತೊಂದ್ ಸಾವಿರದಾಗ ಹನ್ನೊಂದ್ ನಿಲುಗಡಿ ಹೆಂಗ ಆಗ್ತಾವ, ದಸ್ತಗೀರ?" ಎಂದು ಅಡಿವೆಪ್ಪನವರು ಕೇಳಿದರು. "ಮೀಟರ್ ಹಿಂದಕ್ಕ ತಿರುವ್ಯಾರ."

ದಸ್ತಗೀರನ ಮುಖ ಸಣ್ಣದಾಯಿತು. "ಮೊನ್ನೆ ಪರ ಊರಿಂದ ತಂದು ಬಿಟ್ಟು ಹೋದ್ರು ಸರ. ನಾ ಇನ್ನಾ ಓಡಿಸಿ ನೋಡಿಲ್ಲ. ನಮ್ಮೂರಾಗ ಓಡಿದ ಗಾಡಿನ ಇದು, ನಮಗ ಮಾರಾಕ ತಂದಾರ ನೋಡ್ರಿ," ಎಂದು ಗಾಜಿನ ಮೇಲೆ ಬರೆದಿದ್ದ ಬೆಲೆಯನ್ನು ಅಂಗಿಯ ತೋಳಿನಿಂದಲೇ ಒರೆಸಿಬಿಟ್ಟ. ನಾವು ಹೊರಟಾಗ ಹಿಂದಿನಿಂದ ಬಂದು ಹೇಳಿದ: "ಅಕ್ಕಾರ, ಒಂದೈತಿ. ನನ್ನ ಕಡೆ ಇಲ್ಲ, ಅವರ ಮನ್ಯಾಗ ಐತಿ. ಚಂಪಾಬಾಯಾರದು."

ಚಂಪಾಬಾಯಿ ನಮ್ಮೂರಿಗೆಲ್ಲ ಗೊತ್ತಿದ್ದವರು. ರಸ್ತೆ ಮಾಡಿಸುವ ಕಂತ್ರಾಟು ಹಿಡಿದು ಮೂವತ್ತೈದು ವರ್ಷ ಗಂಡಸರ ನಡುವೆ ಬಿಸಿಲಲ್ಲಿ ನಿಂತವರು. ನಾವು ಹೋದಾಗ ಅವರು ಅಂಗಳದಲ್ಲೇ ಇದ್ದರು. ಅರವತ್ತೊಂದು ವಯಸ್ಸು, ಎತ್ತರದ ಆಳು, ಮಣಿಕಟ್ಟಿನಲ್ಲಿ ಗಂಡಸರ ಗಡಿಯಾರ. ಗಾಡಿಯ ಬಾನೆಟ್ಟನ್ನು ತಾವೇ ಎತ್ತಿ ನಿಂತರು.

"ಒಂಬತ್ ವರ್ಷದ್ದು. ಒಂದ್ ಲಕ್ಷ ನಲವತ್ತೆರಡ್ ಸಾವಿರ ಓಡೇತಿ. ಕ್ಲಚ್ ತೊಂಬತ್ ಸಾವಿರಕ್ಕ ಬದಲಿ ಮಾಡೀನಿ. ಟೈರ್ ನಾಕೂ ಹೋದ ವರ್ಷದ್ದು. ನನ್ನ ಬಿಟ್ಟು ಬ್ಯಾರೆ ಯಾರೂ ಓಡಿಸಿಲ್ಲ. ಎಡಗಡಿ ಬಾಗಿಲಿಗೆ ಗೀರು ಅದಾವ, ಅದು ನಂದ ತಪ್ಪು."

ಗೀರುಗಳು ನಾಲ್ಕಿದ್ದವು. ಎಲ್ಲವೂ ಎಡಗಡೆ, ಎಲ್ಲವೂ ಹೊಸವು. ನಾನು ಅದನ್ನು ಗಮನಿಸಿದೆ. ಆಮೇಲೆ ಚಹಾ ಬಂದಾಗ ಎಡಕ್ಕೆ ಇಟ್ಟ ಕಪ್ಪನ್ನು ಅವರು ಕೈಯಿಂದ ತಡವಿ ಹುಡುಕಿದ್ದನ್ನೂ ಗಮನಿಸಿದೆ. ಎದುರಿಗೆ ಕೂತ ನನ್ನ ಕಿವಿಯೋಲೆ ಚೆನ್ನಾಗಿದೆ ಅಂದರು. ಪಕ್ಕದಲ್ಲಿ ನಿಂತ ಅಡಿವೆಪ್ಪನವರು ಕೈ ಚಾಚಿ ಸರ್ವಿಸ್ ಬುಕ್ ಕೇಳಿದಾಗ ಬೆಚ್ಚಿಬಿದ್ದರು. ಹದಿನಾರು ವರ್ಷ ಕಣ್ಣುಗಳನ್ನೇ ನೋಡಿಕೊಂಡು ಬಂದವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ನಟ್ಟನಡುವಿನದು ಸ್ಪಷ್ಟ ಕಾಣುತ್ತದೆ, ಅಂಚುಗಳು ಒಂದೊಂದಾಗಿ ಆರಿಹೋಗುತ್ತವೆ.

"ಬಾಯಾರ, ಕಣ್ಣು ತೋರಿಸೀರಿ?" ಎಂದು ಕೇಳಿದೆ.

"ತೋರ್ಸೀನಿ," ಅಂದರು. ಆ ಮಾತು ಅಲ್ಲಿಗೇ ಮುಗಿಯಿತು.

ಬೆಲೆ ನಾಲ್ಕು ಲಕ್ಷ ಹತ್ತು ಸಾವಿರ. ಅಡಿವೆಪ್ಪನವರು ಐದಕ್ಕೆ ತಯಾರಾಗಿ ಬಂದಿದ್ದರು. ಇಷ್ಟು ಕಡಿಮೆ ಯಾಕೆಂದು ಕೇಳಿಯೇಬಿಟ್ಟರು. ಲಗೂನ ಕಣ್ಣ ಮುಂದಿನಿಂದ ಹೋಗಬೇಕು, ಅಂಗಳದಲ್ಲಿ ನಿಂತಿದ್ದರೆ ಓಡಿಸಬೇಕು ಅನ್ನಿಸುತ್ತದೆ ಎಂದು ಚಂಪಾಬಾಯಿ ಹೇಳಿದರು. ನಿಲುಗಡೆಯ ಕಾಗದದ ಮೇಲೆ ಮೂರು ಬರೆದರು: ಪೆಟ್ರೋಲ್ ಬಂಕು ನಾಲ್ಕು ನಿಮಿಷ, ಬ್ಯಾಂಕು ಏಳು ನಿಮಿಷ, ಕಲ್ಲಿನ ಕ್ವಾರಿಯ ಗೇಟು ಅರ್ಧ ಗಂಟೆ. ಬರೆದ ಮೇಲೆ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆಯೇ ಇತ್ತು. ಆಮೇಲೆ ಕೆಳಗೆ ಸಹಿ ಮಾಡಿದರು.

ಮೊದಲ ಎರಡು ವಾರ ನಾನು ಗುಡ್ಡದ ಏಳೂ ಹಳ್ಳಿಗೆ ಹೋಗಿಬಂದೆ. ಸ್ಕೂಟರಿನಲ್ಲಿ ಜೀವ ಕೈಯಲ್ಲಿ ಹಿಡಿದು ದಾಟುತ್ತಿದ್ದ ಕೊರಕಲುಗಳನ್ನು ಗಾಡಿ ಗೊತ್ತೇ ಇಲ್ಲದವರ ಹಾಗೆ ದಾಟಿತು. ಮೇಲಿನ ಹಳ್ಳಿಯಲ್ಲಿ ಒಬ್ಬಾಕೆ ಕನ್ನಡಕ ಹಾಕಿಕೊಂಡವಳೇ ತಾನು ಹೊದ್ದಿದ್ದ ಕೌದಿಯನ್ನು ಕಣ್ಣ ಹತ್ತಿರ ಹಿಡಿದು, ಹೊಲಿಗೆ ಎಷ್ಟು ಸೊಟ್ಟಗಿದೆಯೆಂದು ನಾಚಿಕೊಂಡಳು. ಆರು ವರ್ಷದಿಂದ ಬೆರಳಿನ ಅಂದಾಜಿನಲ್ಲೇ ಹೊಲಿದಿದ್ದಳಂತೆ. ನಾನು ರಾತ್ರಿ ಊಟಕ್ಕೆ ಕೂತಾಗ ಇಂಥವನ್ನೆಲ್ಲ ಹೇಳುತ್ತಿದ್ದೆ. ಅಡಿವೆಪ್ಪನವರು ನೋಟುಬುಕ್ಕನ್ನು ಮುಚ್ಚಿಟ್ಟು ಕೇಳುತ್ತಿದ್ದರು.

ಮೂರನೆಯ ವಾರ ನೀರಿನ ಪೈಪಿಗೆಂದು ದೊಡ್ಡ ರಸ್ತೆ ಅಗೆದರು. ನಾನು ನೇಕಾರ ಓಣಿಯ ಹಿಂದಿನ ಸಣ್ಣ ದಾರಿಯಿಂದ ಹೋಗಬೇಕಾಯಿತು. ಎರಡೂ ಕಡೆ ಮನೆಗಳ ಹಿತ್ತಲಗೋಡೆ, ಒಂದು ಬೇವಿನ ಮರ. ಮರದ ಕೆಳಗೆ ಗಾಡಿ ನಿಂತುಬಿಟ್ಟಿತು. ಇಂಜಿನ್ ಆರಿತು. ನಾನು ಕೀಲಿ ತಿರುವಿದೆ, ಆಕ್ಸಲರೇಟರ್ ಒತ್ತಿದೆ, ಕೊನೆಗೆ ಗಡಿಯಾರ ನೋಡಿಕೊಂಡು ಕೂತೆ. ಸರಿಯಾಗಿ ಹತ್ತು ನಿಮಿಷಕ್ಕೆ ಚಾಲೂ ಆಯಿತು. ಅದು ಕಾಗದದಲ್ಲಿ ಇಲ್ಲದ್ದು. ಅಲ್ಲಿ ಅಂಗಡಿಯಿಲ್ಲ, ಕಚೇರಿಯಿಲ್ಲ, ತಿರುಗಿ ನೋಡುವಂಥದ್ದು ಏನೂ ಇಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಮರಳುವಾಗಲೂ ಅಲ್ಲೇ ನಿಂತಿತು. ಈ ಸಲ ಗೋಡೆಯ ಆಚೆ ಹೆಂಗಸರ ಮಾತು ಕೇಳುತ್ತಿತ್ತು, ಲಟ್ಟಣಿಗೆಗಳ ಸದ್ದು ಕೇಳುತ್ತಿತ್ತು. ಹತ್ತು ಹನ್ನೆರಡು ಜನ ಹಪ್ಪಳ ಲಟ್ಟಿಸುತ್ತಿದ್ದಿರಬೇಕು. ಯಾರೋ ಏನೋ ಹೇಳಿದರು, ಒಬ್ಬಾಕೆ ನಕ್ಕಳು. ಆ ನಗು ಮೊದಲು ಸಣ್ಣಗೆ ಶುರುವಾಗಿ, ಇನ್ನೇನು ನಿಂತಿತು ಎನ್ನುವಾಗ ಮತ್ತೆ ಎದ್ದು, ಉಸಿರು ಸಾಲದೆ "ಸಾಕ್ರೇ ಯವ್ವಾ" ಎನ್ನುವಲ್ಲಿಗೆ ಮುಟ್ಟಿತು. ಏನಾಯಿತೆಂದು ಗೊತ್ತಿಲ್ಲದೆಯೇ ನಾನೂ ಗಾಡಿಯೊಳಗೆ ಒಬ್ಬಳೇ ನಕ್ಕೆ.

ಮನೆಯಲ್ಲಿ ಹೇಳಿದಾಗ ಅಡಿವೆಪ್ಪನವರಿಗೆ ಸಿಟ್ಟು ಬಂತು. ಅವರಿಗೆ ನಲವತ್ತು ಸಾವಿರಕ್ಕಿಂತ, ತಾವು ಒಳ್ಳೆಯವರೆಂದು ನಂಬಿದ ಒಬ್ಬರು ಬರೆಯಬೇಕಾದ್ದನ್ನು ಬರೆಯದೆ ಬಿಟ್ಟದ್ದೇ ಹೆಚ್ಚು ನೋವು. ಮರುದಿನ ಶಾಲೆ ಬಿಟ್ಟ ಮೇಲೆ ನನ್ನ ಜೊತೆ ಬಂದು ಬೇವಿನ ಮರದ ಕೆಳಗೆ ನೋಟುಬುಕ್ಕು ತೆರೆದು ಕೂತರು. ಗೋಡೆಯ ಆಚೆ ಆ ಹೆಂಗಸು ನಕ್ಕಳು. ಅವರು ಪೆನ್ನನ್ನು ಹಾಗೇ ಹಿಡಿದುಕೊಂಡರು. ಹತ್ತು ನಿಮಿಷವಾಗಿ ಗಾಡಿ ಹೊರಟಾಗ ನೋಡಿದೆ, ಒಂದಕ್ಷರವನ್ನೂ ಬರೆದಿರಲಿಲ್ಲ.

"ದುಡ್ಡು ಕೇಳಬ್ಯಾಡ," ಅಂದರು. "ಆದ್ರ ಯಾಕ ಹೇಳ್ಲಿಲ್ಲಂತ ಕೇಳು."

ನಾನು ಚಂಪಾಬಾಯಿಯವರ ಮನೆಗೆ ಒಬ್ಬಳೇ ಹೋದೆ. ನೇಕಾರ ಓಣಿ ಎನ್ನುವಷ್ಟರಲ್ಲೇ ಅವರು ಕೈ ಎತ್ತಿ ನನ್ನನ್ನು ತಡೆದರು. ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ನೋಟಿನ ಕಟ್ಟು ಇತ್ತು.

"ತಗೋರಿ. ನಲವತ್ ಸಾವಿರ ಐತಿ."

"ನಾ ಇದಕ್ಕ ಬಂದಿಲ್ರಿ ಬಾಯಾರ. ಗ್ವಾಡಿ ಆಚೆ ಯಾರದಾರ?"

ಅವರು ನೋಟಿನ ಕಟ್ಟನ್ನು ಕೆಳಗಿಟ್ಟು ತಮ್ಮ ಕೈಗಳನ್ನು ನೋಡಿಕೊಂಡರು. ಕೈಯನ್ನು ನೋಟದ ನಟ್ಟನಡುವೆ ಹಿಡಿದಿದ್ದರು.

"ನನ್ನ ತಂಗಿ. ಕುಸುಮಾ," ಅಂದರು.

ಆಮೇಲೆ ಅವರು ಹೇಳಿದ್ದು ಇಷ್ಟು. ಒಂಬತ್ತು ವರ್ಷದ ಹಿಂದೆ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಕುಸುಮಾ ಹಗಲು ರಾತ್ರಿ ನೋಡಿಕೊಂಡರು. ಚಂಪಾಬಾಯಿ ಎಂಬತ್ತು ಮೈಲಿ ದೂರದಲ್ಲಿ ಸೇತುವೆಯ ಕೂಡುರಸ್ತೆ ಮಾಡಿಸುತ್ತಿದ್ದರು, ಮಳೆಗಾಲದ ಮುಂಚೆ ಮುಗಿಸಬೇಕಿತ್ತು. ಮೂರು ಸಲ ಹೇಳಿಕಳಿಸಿದರೂ ನಾಳೆ ಬರುತ್ತೇನೆ ಎಂದರು. ನಾಲ್ಕನೆಯ ಸಲ ಹೇಳಿಕಳಿಸುವ ಅಗತ್ಯವೇ ಬೀಳಲಿಲ್ಲ. ಮಣ್ಣು ಕೊಡಲು ಬಂದವರೆಲ್ಲರ ಎದುರಿಗೆ ಕುಸುಮಾ ಕೇಳಿದರಂತೆ: "ಅವ್ವ ನಿನ್ನ ಹೆಸರು ಹಿಡಿದು ಕರೀತಾ ಹೋದ್ಲು. ನೀ ಎಷ್ಟ್ ಲಾರಿ ಜಲ್ಲಿ ಎಣಿಸಿದಿ?" ಚಂಪಾಬಾಯಿ ಉತ್ತರ ಕೊಡದೆ ಎದ್ದು ಬಂದರು. ಆಮೇಲೆ ಅಕ್ಕತಂಗಿ ಮಾತಾಡಲಿಲ್ಲ. ಆ ವರ್ಷವೇ ಈ ಗಾಡಿ ಕೊಂಡದ್ದು.

"ಅಕಿ ಕೇಳಿದ್ದು ಖರೇನ ಇತ್ತವಾ. ಖರೇ ಮಾತಿಗೆ ಏನ್ ಉತ್ತರ ಕೊಡ್ಲಿ? ಬಾಗಿಲಾ ತಟ್ಟಾಕ ಕೈ ಬರ್ಲಿಲ್ಲ. ಹಿತ್ತಲ ಕಡೆ ಹೋಗಿ ನಿಂದರತಿದ್ದೆ. ಅಕಿ ನಗಿ ಐತೆಲ್ಲ, ಅದು ನಮ್ಮವ್ವನ ನಗಿ. ಹುಬೇಹೂಬ್ ಅದ. ಹತ್ ನಿಮಿಷ ಕೇಳಿ ಹೊಳ್ಳಿ ಬರ್ತಿದ್ದೆ."

"ಎಷ್ಟ್ ವರ್ಷ?"

"ಊರಾಗ ಇದ್ದ ದಿನ ಒಂದೂ ತಪ್ಪಿಸಿಲ್ಲ," ಅಂದರು. ಈ ಚೈತ್ರದಲ್ಲಿ ಡಾಕ್ಟರು ಇನ್ನು ಗಾಡಿ ಮುಟ್ಟಬಾರದೆಂದು ಹೇಳಿದ್ದರಂತೆ. ಡ್ರೈವರನನ್ನು ಇಟ್ಟುಕೊಂಡರೆ ಅಲ್ಲಿ ಯಾಕೆ ನಿಲ್ಲಿಸಬೇಕೆಂದು ಅವನಿಗೆ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಮಾರುವುದೇ ಮೇಲು ಅನ್ನಿಸಿತಂತೆ.

"ಆ ನಿಲುಗಡಿ ಮರಸಿಬಿಡು ತಂಗಿ. ನೂಕೋ ಮಂದೀನ ನಾನ ಕಳಸ್ತೀನಿ. ಅಕಿಗೆ ಮಾತ್ರ ಹೇಳಬ್ಯಾಡ. ನನಗ ಮಾತು ಕೊಡು."

ನಾನು ಮಾತು ಕೊಟ್ಟೆ. ಕೊಡದೆ ಏಳುವ ಹಾಗಿರಲಿಲ್ಲ. ದುಡ್ಡನ್ನು ಮುಟ್ಟಲಿಲ್ಲ. ನೂಕುವ ನಾಲ್ವರು ಮರುದಿನವೇ ಅಂಗಡಿಗೆ ಬಂದರು. ಸೋಮವಾರ ಬನ್ನಿ ಎಂದು ಕಳಿಸಿದೆ. ಸೋಮವಾರ ಬಂದಾಗ ಗುರುವಾರ ಅಂದೆ. ದೊಡ್ಡ ರಸ್ತೆ ಸರಿಯಾಗಿ ಅದಾಗಲೇ ನಾಲ್ಕು ದಿನವಾಗಿತ್ತು. ಆದರೂ ನಾನು ಹಿತ್ತಲ ದಾರಿಯಲ್ಲೇ ಹೋಗಿಬರುತ್ತಿದ್ದೆ.

ಆ ಗುರುವಾರ ಅವರು ಬರುವ ಮುಂಚೆಯೇ ನಾನು ಹೊರಟುಬಿಟ್ಟಿದ್ದೆ. ಮಧ್ಯಾಹ್ನ ಮರದ ಕೆಳಗೆ ನಿಂತಿದ್ದಾಗ ಹಿತ್ತಲ ಬಾಗಿಲು ತೆರೆಯಿತು. ಐವತ್ತೈದರ ಆಸುಪಾಸಿನ ಒಬ್ಬ ಹೆಂಗಸು ಹಿಟ್ಟಿನ ನೀರು ಚೆಲ್ಲಲು ಬೋಗುಣಿ ಹಿಡಿದು ಬಂದವರು ಗಾಡಿ ನೋಡಿ ನಿಂತರು. ಬೋಗುಣಿ ಸೊಟ್ಟಗಾಗಿ ನೀರೆಲ್ಲ ಅವರ ಕಾಲ ಮೇಲೆಯೇ ಹೋಯಿತು. ಅವರು ನೇರ ಗಾಡಿಯ ಹತ್ತಿರ ಬಂದು ಗಾಜಿನೊಳಗೆ ಇಣುಕಿದರು. ನಾನು ಗಾಜು ಇಳಿಸಿದೆ.

"ಇದು ನಮ್ಮಕ್ಕನ ಗಾಡಿ. ಪ್ಯಾಟ್ಯಾಗ ನೋಡೀನಿ," ಅಂದರು. ಸ್ವಲ್ಪ ತಡೆದು, "ಅಕಿ ಆರಾಮ ಅದಾಳೇನ್ರಿ?" ಎಂದು ಕೇಳಿದರು.

"ಅದಾರ್ರಿ. ಗಾಡಿ ನಾ ಕೊಂಡೀನಿ. ಕನ್ನಡಕದ ಅಂಗಡಿ ನಂದು."

"ಆರಾಮ ಇದ್ದಾಕಿ ಗಾಡಿ ಯಾಕ ಮಾರಿದ್ಲು? ಊಟ ಬಿಟ್ಟಾಳು, ಗಾಡಿ ಬಿಡಾಕಿಲ್ಲ ಅಕಿ."

ಅವರು ಓಣಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು. "ಮತ್ತ ನೀವ್ ಇಲ್ಲಿ ಯಾಕ ನಿಂತೀರಿ?"

ಫೋನು ಬಂದಿತ್ತು ಎನ್ನಬಹುದಿತ್ತು. ನೆರಳಿತ್ತು ಎನ್ನಬಹುದಿತ್ತು. ಸುಳ್ಳು ನಾಲಿಗೆಯ ತುದಿಗೆ ಬಂದದ್ದು ಅವರ ಒದ್ದೆಯಾದ ಕಾಲು ನೋಡಿ ಅಲ್ಲೇ ಉಳಿಯಿತು. ನಾನು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಆಗ ಹತ್ತು ನಿಮಿಷವಾಗಿರಬೇಕು. ನಾನು ಏನನ್ನೂ ಮುಟ್ಟದೆಯೇ ಇಂಜಿನ್ ಚಾಲೂ ಆಯಿತು.

ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕುಸುಮಾಬಾಯಿ ಗಾಡಿಯ ಬಾಗಿಲಿನ ಮೇಲೆ ಕೈ ಇಟ್ಟರು. ಇಂಜಿನ್ನಿನ ನಡುಕಕ್ಕೆ ಅವರ ಬಳೆಗಳು ಸಣ್ಣಗೆ ಸದ್ದು ಮಾಡುತ್ತಿದ್ದವು.

"ಇನ್ನೂರ್ ಸಲ," ಅಂದರು. "ಇನ್ನೂರ್ ಸಲ ಬಂದಾಳ."

"ಜಾಸ್ತಿ," ಅಂದುಬಿಟ್ಟೆ. ಕೊಟ್ಟ ಮಾತು ಅಷ್ಟು ಮುರಿಯಿತು.

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಇಬ್ಬರ ನಡುವೆ ಕೈ ಹಾಕಿ ಇದ್ದದ್ದನ್ನೂ ಕೆಡಿಸಿದೆನೇನೋ ಎಂದು ಅಡಿವೆಪ್ಪನವರ ಹತ್ತಿರ ಹೇಳಿಕೊಂಡೆ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ನಾಳೆಯೂ ಅದೇ ದಾರಿಯಲ್ಲಿ ಹೋಗು ಅಂದರು.

ಹೋದೆ. ನಾಲ್ಕಕ್ಕೆ ಮರಳುವಾಗ ಕುಸುಮಾಬಾಯಿ ಬೇವಿನ ಮರದ ಕೆಳಗೆ ನಿಂತಿದ್ದರು. ಬೇರೆ ಸೀರೆ ಉಟ್ಟಿದ್ದರು, ಕೈಯಲ್ಲಿ ಹಪ್ಪಳದ ಒಂದು ಕಟ್ಟು ಇತ್ತು. ಗಾಡಿ ನಿಂತಿತು. ಅವರು ಬಾಗಿಲು ತೆಗೆದು ನನ್ನ ಪಕ್ಕ ಹತ್ತಿ ಕೂತರು. ಗೋಡೆಯ ಆಚೆ ಉಳಿದ ಹೆಂಗಸರ ಮಾತು ಕೇಳುತ್ತಿತ್ತು. ಅವರು ತಲೆ ತಗ್ಗಿಸಿ ಅದನ್ನು ಕೇಳುತ್ತ ಕೂತರು, ತಮ್ಮ ಮನೆಯನ್ನು ಹೊರಗಿನಿಂದ ಮೊದಲ ಸಲ ಕೇಳುವವರ ಹಾಗೆ.

"ಭಾಳ ಕೆಟ್ಟ ಮಾತು ಆಡಿದ್ದೆ ನಾನು. ಎಲ್ಲಾರ ಮುಂದ ಆಡಿದ್ದೆ," ಅಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಅಕಿನ ಬರ್ಲಿ ಅಂತ ಕಾದೆ. ಅಕಿ ಬಂದಾಳ, ನನಗ ಗೊತ್ತಿಲ್ಲ," ಅಂದರು. ಹತ್ತು ನಿಮಿಷಕ್ಕೆ ಇಂಜಿನ್ ಚಾಲೂ ಆದಾಗ, "ನಡೀರಿ," ಅಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ.

ದಾರಿಯಲ್ಲಿ, ಅಕ್ಕ ಗಾಡಿ ಯಾಕೆ ಮಾರಿದಳೆಂದು ಮತ್ತೆ ಕೇಳಿದರು. ಕಣ್ಣಿನ ವಿಷಯದಲ್ಲಿ ನಾನು ಯಾರಿಗೂ ಮಾತು ಕೊಟ್ಟಿರಲಿಲ್ಲ. ನಾನು ಕಂಡದ್ದನ್ನು ಹೇಳಿದೆ. ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಔಷಧಿ ಬಿಟ್ಟುಕೊಂಡು ಕಾಪಾಡಬಹುದು, ಒಂದು ಹೊತ್ತೂ ತಪ್ಪಿಸಬಾರದು ಎಂದೆ. ಅವರು ಸೆರಗನ್ನು ಬಾಯಿಗೆ ಹಿಡಿದು ಹೊರಗೆ ನೋಡುತ್ತ ಕೂತರು.

ಚಂಪಾಬಾಯಿ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಾಡಿಯ ಸದ್ದಿಗೇ ಗುರುತು ಹಿಡಿದು ಎದ್ದರು. ನಾನು ಎದುರಿನಿಂದ ಹೋದೆ. ಕುಸುಮಾಬಾಯಿ ಎಡಕ್ಕೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟರು. ಅಲ್ಲಿ ನಿಂತವರು ಚಂಪಾಬಾಯಿಗೆ ಕಾಣುವ ಹಾಗಿರಲಿಲ್ಲ.

"ಮರಸಿದ್ಯೇನವಾ? ನೂಕೋರು ಇನ್ನಾ ನೂಕಿಲ್ಲಂತಾರ, ನೀ ಸೋಂವಾರ ಅಂತಿ, ಗುರುವಾರ ಅಂತಿ."

ಕುಸುಮಾಬಾಯಿ ತಮ್ಮಕ್ಕನನ್ನೇ ನೋಡುತ್ತಿದ್ದರು. ತಾನು ಇಷ್ಟು ಹತ್ತಿರ ನಿಂತರೂ ಅಕ್ಕನ ಕಣ್ಣು ತನ್ನ ಕಡೆ ಹೊರಳದಿದ್ದುದನ್ನು ನೋಡಿದರು. ಆಮೇಲೆ ಆ ನಾಲ್ಕು ಹೆಜ್ಜೆಯನ್ನು ದಾಟಿ, ಸುತ್ತು ಹಾಕಿ, ನೇರ ಅಕ್ಕನ ಮುಖದ ಮುಂದೆ ಬಂದು ನಿಂತರು.

ಚಂಪಾಬಾಯಿಯವರ ಕೈ ಕುರ್ಚಿಯ ಬೆನ್ನನ್ನು ಹುಡುಕಿತು. ಸಿಗಲಿಲ್ಲ. ಕುಸುಮಾಬಾಯಿ ಆ ಕೈ ಹಿಡಿದುಕೊಂಡರು.

"ತೆಲಿ ಎಲ್ಲಾ ಬೆಳ್ಳಗಾಗೇತಲ್ಲ ನಿಂದು," ಎಂದು ಚಂಪಾಬಾಯಿ ಹೇಳಿದರು.

"ಒಂಬತ್ ವರ್ಷ ಆತು."

"ನಾ ಬರಬೇಕಿತ್ತು. ಮೊದಲನೇ ಸಲ ಹೇಳಿಕಳಿಸಿದಾಗ ಬರಬೇಕಿತ್ತು."

"ಬರಬೇಕಿತ್ತು," ಎಂದು ತಂಗಿ ಹೇಳಿದರು. "ಆದ್ರ ಅವ್ವ ನಿನ್ನ ಬೈಲಿಲ್ಲ. ಅಕಿ ಕೆಲಸ ಮಾಡ್ಲಿ ಬಿಡು, ಅಂದ್ಲು. ಅದನ್ನ ನಾ ಅವತ್ತ ಹೇಳ್ಲಿಲ್ಲ. ಸಿಟ್ಟಿಗೆ ಹೇಳ್ಲಿಲ್ಲ."

ಚಂಪಾಬಾಯಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಕುಸುಮಾಬಾಯಿಯೂ ಪಕ್ಕದಲ್ಲಿ ಕೂತರು. ನಾನು ಒಳಗೆ ಹೋಗಿ ನೀರು ತರುತ್ತೇನೆಂದು ಹೇಳಿ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ. ಕಿಟಕಿಯ ಮೇಲೆ ಕಣ್ಣಿನ ಔಷಧಿಯ ಎರಡು ಬಾಟಲಿ ಇದ್ದವು. ಒಂದರ ಸೀಲು ಕೂಡ ಒಡೆದಿರಲಿಲ್ಲ.

ಹೊರಗೆ ತಂದು ಕೇಳಿದಾಗ ಚಂಪಾಬಾಯಿ ಒಪ್ಪಿಕೊಂಡರು: ತನಗೆ ತಾನೇ ಬಿಟ್ಟುಕೊಳ್ಳಲು ಬರುವುದಿಲ್ಲ, ಹನಿಯೆಲ್ಲ ಕೆನ್ನೆಗೆ ಹೋಗುತ್ತದೆ, ಕೆಲಸದವಳಿಗೆ ಹೇಳಲು ನಾಚಿಕೆ. ಕುಸುಮಾಬಾಯಿ ನನ್ನ ಕೈಯಿಂದ ಬಾಟಲಿ ಕಸಿದುಕೊಂಡರು. ಎಷ್ಟು ಹನಿ, ಎಷ್ಟು ಹೊತ್ತಿಗೊಮ್ಮೆ, ಕಣ್ಣು ಮುಚ್ಚಿ ಎಷ್ಟು ಹೊತ್ತು ಇರಬೇಕು ಎಂದೆಲ್ಲ ನನ್ನನ್ನು ಕೇಳಿ, ಅಕ್ಕನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಎಡಗೈ ಬೆರಳಿಂದ ರೆಪ್ಪೆಯನ್ನು ಹಿಗ್ಗಿಸಿ ಹನಿ ಬಿಟ್ಟರು. ಮರುಕ್ಷಣವೇ ಚಂಪಾಬಾಯಿ ಚೀರಿ ಎದ್ದು ಕೂತರು.

"ಏನ್ ಹಚ್ಚಿದ್ಯೇ ಕಣ್ಣಿಗೆ, ಹಾಳಾದಾಕಿ!"

ಕುಸುಮಾಬಾಯಿ ತಮ್ಮ ಬೆರಳನ್ನು ಮೂಸಿ ನೋಡಿಕೊಂಡರು. ಬೆಳಗಿನಿಂದ ಹಪ್ಪಳದ ಹಿಟ್ಟಿಗೆ ಮೆಣಸು ಕುಟ್ಟಿ ಕಲೆಸಿದ ಕೈ ಅದು. ನಾನು ಓಡಿಹೋಗಿ ತಣ್ಣೀರು ತಂದೆ. ಅಕ್ಕನ ಕಣ್ಣು ತೊಳೆದು, ಅವರು ತಮ್ಮ ಕೈಗಳನ್ನು ಸೋಪಿನಿಂದ ಮೂರು ಸಲ ಉಜ್ಜಿ ಉಜ್ಜಿ ತೊಳೆದುಕೊಂಡರು, ಸೆರಗಿಗೆ ಒರೆಸಿದರು, ಮೂಸಿ ನೋಡಿದರು, ನನಗೂ ಮೂಸಿ ನೋಡಲು ಕೊಟ್ಟರು. ಚಂಪಾಬಾಯಿ ಕೆಂಪಾದ ಕಣ್ಣು ಒರೆಸಿಕೊಳ್ಳುತ್ತ, ಮೂವತ್ತೈದು ವರ್ಷ ಕೂಲಿಕಾರರ ನಡುವೆ ಕಲಿತ ಅಷ್ಟೂ ಬೈಗುಳವನ್ನು ಒಂದೊಂದಾಗಿ ತಂಗಿಗೆ ಬೈಯುತ್ತಿದ್ದರು. ತಂಗಿ ಎಲ್ಲವನ್ನೂ ಕೇಳಿಸಿಕೊಂಡು, ನೆಲದ ಮೇಲೆ ಮತ್ತೆ ಕಾಲು ಚಾಚಿ ಕೂತರು.

"ಆತಿಲ್ಲ? ಮಲ್ಕೊ ಇನ್ನ," ಅಂದರು. "ಇನ್ನೊಂದ್ ಕಣ್ಣು ಉಳದೈತಿ."

ಚಂಪಾಬಾಯಿ ಬೈಯುತ್ತಲೇ ಮಲಗಿದರು.